ಹದ ಹೋದ ಅಲಗು

ಫೆರಿಯೋಲ್ ಬೂಲೋಕ್ ತನ್ನ ಮಡಚು ಚಾಕುವನ್ನು ಇನ್ನೊಬ್ಬರ ಕೈಗೆ ರಿಪೇರಿಗೆಂದು ಕೊಟ್ಟದ್ದು ಎಪ್ಪತ್ತೊಂಬತ್ತು ವರ್ಷದ ಬದುಕಿನಲ್ಲಿ ಅದೇ ಮೊದಲು. ಜೇಬಿನಿಂದ ತೆಗೆದು ಎಮರಿಕ್‌ನ ಮೇಜಿನ ಮೇಲೆ ಇಟ್ಟ ಮೇಲೂ ಎರಡು ಬೆರಳನ್ನು ಅದರ ಮೇಲೆಯೇ ಊರಿಕೊಂಡು ನಿಂತಿದ್ದ.

"ಕೀಲು ಸಡಿಲ ಆಗಿದೆ, ಅಷ್ಟೇ. ಅದನ್ನ ಬಿಗಿ ಮಾಡು. ಅಲಗನ್ನ ಮುಟ್ಟಬೇಡ, ತಿಳೀತಾ? ಅಲಗು ನನ್ನ ಕೆಲಸ."

"ಮುಟ್ಟಲ್ಲ ಮಾವ."

"ಮುಟ್ಟಲ್ಲ ಅಂತೀಯ. ಸಾಣೆ ಚಕ್ರದ ಮುಂದೆ ಕೂರೋ ನಿಮ್ಮಂಥೋರಿಗೆ ಕೈ ತುರಿಸುತ್ತೆ, ನಂಗೊತ್ತಿಲ್ವಾ?"

ಪಕ್ಕದ ಮೇಜಿನಲ್ಲಿ ಹಸುವಿನ ಕೊಂಬು ಉಜ್ಜಿ ಹಿಡಿ ಮಾಡುತ್ತಿದ್ದ ಜೊಸಿಯಾನ್ ತಲೆ ಎತ್ತದೆಯೇ ಹೇಳಿದಳು: "ತುರಿಸಿದ್ರೆ ನನ್ ಹತ್ರ ಅರ ಇದೆ ಬಿಡಿ ಬೂಲೋಕ್ನೋರೇ, ಚೆನ್ನಾಗಿ ಉಜ್ಜಿಬಿಡ್ತೀನಿ."

ಮುದುಕ ನಕ್ಕು ಬೆರಳು ತೆಗೆದ.

ಎಮರಿಕ್ ಕೈರೆಲ್‌ಗೆ ನಲವತ್ತಾರು ವರ್ಷ. ಲಾಯೋಲ್ ಎಂಬ ಬೆಟ್ಟದೂರಿನ ಕೆಳಬೀದಿಯ ಆ ಚಾಕು ಕಾರ್ಖಾನೆಯಲ್ಲಿ ಹಳೆಯ ಚಾಕುಗಳ ರಿಪೇರಿಯೆಲ್ಲ ಅವನದೇ. ಫೆರಿಯೋಲ್ ಅವನ ತಾಯಿಯ ದೊಡ್ಡಪ್ಪನ ಮಗ. ಅಪ್ಪ ತೀರಿಕೊಂಡಾಗ ಎಮರಿಕ್‌ಗೆ ಒಂಬತ್ತು. ಅಲ್ಲಿಂದ ಮುಂದೆ ಪ್ರತಿ ಭಾನುವಾರದ ಊಟ ಬೂಲೋಕ್ ಮನೆಯಲ್ಲಿ. ಮೊದಲ ಚಾಕು ಕೊಟ್ಟವನು ಈ ಮಾವ. ಅಡುಗೆಮನೆಯ ಕಿಟಕಿಯ ಬಳಿ ಕೂರಿಸಿಕೊಂಡು, ನಡುವೆ ದೋಣಿಯಂತೆ ಸವೆದ ಕಲ್ಲಿನ ಮೇಲೆ ಅಲಗನ್ನು ಹೇಗೆ ಎಳೆಯಬೇಕು, ಯಾವಾಗ ಕೈ ಹಗುರ ಮಾಡಬೇಕು ಎಂದು ಕಲಿಸಿದವನೂ ಇವನೇ. ಆ ಮನೆಯ ಮೇಜಿನ ಮೇಲೆ ಯಾರೂ ಚಾಕು ಹಾಕುವುದಿಲ್ಲ. ಅವರವರ ಚಾಕು ಅವರವರ ಜೇಬಿನಿಂದ ಬರಬೇಕು. ಊಟ ಮುಗಿದ ಮೇಲೆ ಮಾವ ತನ್ನ ಅಲಗನ್ನು ರೊಟ್ಟಿಯ ತುಣುಕಿನಿಂದ ಒರೆಸಿ, ಆ ತುಣುಕನ್ನು ಬಾಯಿಗೆ ಹಾಕಿಕೊಂಡು, ಚಾಕು ಮಡಚುತ್ತಿದ್ದ. ಅವನು ಮಡಚಿದನೆಂದರೆ ಊಟ ಮುಗಿಯಿತು, ಎಲ್ಲರೂ ಏಳಬೇಕು. ಮಡಚುವಾಗ ಸದ್ದಾಗುತ್ತಿರಲಿಲ್ಲ. ಅಲಗನ್ನು ಹಾಗೇ ಬಿಟ್ಟರೆ ಅದು ಟಪ್ಪೆಂದು ಒಳಗಿನ ಸ್ಪ್ರಿಂಗಿಗೆ ಬಡಿದು ಬಾಯಿ ಮುಕ್ಕಾಗುತ್ತದೆ. ಹಾಗೆ ಮಾಡುವವನನ್ನು ಆ ಬೆಟ್ಟದ ಸೀಮೆಯಲ್ಲಿ ಒರಟ ಎನ್ನುತ್ತಾರೆ. ಮಾವ ಹೆಬ್ಬೆರಳಿನಿಂದ ತಡೆ ಹಿಡಿದು, ಮಲಗಿದ ಮಗುವಿಗೆ ಹೊದಿಸುವ ಹಾಗೆ ಅಲಗನ್ನು ಒಳಗೆ ಇಳಿಸುತ್ತಿದ್ದ.

ಮಾವ ಹೋದ ಮೇಲೆ ಎಮರಿಕ್ ಚಾಕು ಬಿಡಿಸಿ ನೋಡಿದ. ಹಳೆಯ ಕಾಲದ ಕಾರ್ಬನ್ ಉಕ್ಕು. ಈಗಿನ ಹೊಳೆಯುವ ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯುವುದಿಲ್ಲ, ಪಾತ್ರೆಯ ಜೊತೆ ನೆನೆಹಾಕಿದರೂ ಕೇಳುವುದಿಲ್ಲ. ಈ ಉಕ್ಕು ಹಾಗಲ್ಲ. ಸೇಬು ಕತ್ತರಿಸಿದರೆ ಕಪ್ಪಾಗುತ್ತದೆ, ಒದ್ದೆಯಾಗಿ ಮಡಚಿದರೆ ರಾತ್ರಿಯೊಳಗೆ ತುಕ್ಕು ಚುಕ್ಕೆ ಏಳುತ್ತದೆ. ದಿನವೂ ಒರೆಸಬೇಕು, ಶನಿವಾರಕ್ಕೊಮ್ಮೆ ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡಬೇಕು. ನಲವತ್ತೆಂಟು ವರ್ಷ ಹಾಗೆ ನೋಡಿಕೊಂಡ ಅಲಗು ಮಳೆಮೋಡದ ಬೂದು ಬಣ್ಣಕ್ಕೆ ತಿರುಗಿತ್ತು, ಮಸೆದು ಮಸೆದು ಅಗಲ ಸವೆದು ಬಿದಿರಿನ ಎಲೆಯಷ್ಟೇ ಉಳಿದಿತ್ತು. ತುದಿಯ ಹತ್ತಿರ ಎಳ್ಳಿನಷ್ಟು ಒಂದು ಮುಕ್ಕು. ಹುಲ್ಲಿನ ಹೊರೆಯ ತಂತಿಗೆ ತಗುಲಿರಬೇಕು.

ಕೀಲು ಬಿಗಿ ಮಾಡಲು ಹತ್ತು ನಿಮಿಷ ಸಾಕಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇಲ್ಲ.

ಆದರೆ ಆ ಮುಕ್ಕು ಅವನನ್ನು ಕೂರಲು ಬಿಡಲಿಲ್ಲ. ಮನೆಯ ನಯ ಕಲ್ಲಿನ ಮೇಲೆ ತೆಗೆಯಲು ಮಾವನಿಗೆ ಮೂರು ತಿಂಗಳಾದರೂ ಬೇಕು. ಚಕ್ರದ ಮೇಲೆ ಮೂರು ಎಳೆತ. ಅಕ್ಟೋಬರಿನಲ್ಲಿ ಹಸುಗಳು ಬೆಟ್ಟದಿಂದ ಇಳಿದ ಮೇಲಿನ ಭಾನುವಾರ ಮಾವ ಈ ಚಾಕುವನ್ನು ಮೊಮ್ಮಗಳು ಓರಿಯಾನ್‌ಗೆ ಕೊಡುವವನಿದ್ದ. ಮುಂದೆ ಮಂದೆ ನೋಡಿಕೊಳ್ಳುವವಳು ಅವಳೇ. ಮುಕ್ಕಿಲ್ಲದ ಅಲಗು ಕೈಗೆ ಬಂದರೆ ಮಾವ ಬಯ್ಯುತ್ತಲೇ ಖುಷಿಪಡುತ್ತಾನೆ ಎಂದುಕೊಂಡ. ಜೊಸಿಯಾನ್ ಊಟಕ್ಕೆ ಏಳುವುದರಲ್ಲಿದ್ದಳು. ಚಕ್ರ ಹಾಕಿದ.

ಈ ಕೆಲಸದಲ್ಲಿ ಬೆರಳೇ ಥರ್ಮಾಮೀಟರು. ಅಲಗನ್ನು ಬರಿಗೈಯಲ್ಲಿ ಹಿಡಿಯುತ್ತಾರೆ. ಹೆಬ್ಬೆರಳಿಗೆ ಬಿಸಿ ತಾಗಿದೊಡನೆ ಎಡಗಡೆಯ ಬಟ್ಟಲ ನೀರಿಗೆ ಅದ್ದುತ್ತಾರೆ. ಅಂದು ಬೆಳಿಗ್ಗೆ ಕೊಂಬಿನ ಚೂರು ಚುಚ್ಚಿ ಎಮರಿಕ್‌ನ ಹೆಬ್ಬೆರಳಿಗೆ ದಪ್ಪ ಪಟ್ಟಿ ಸುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಪಟ್ಟಿ ಬಿಚ್ಚಲು ಸೋಮಾರಿತನವಾಯಿತು, ಅಷ್ಟೇ. ಎರಡನೆಯ ಎಳೆತದಲ್ಲಿದ್ದಾಗ ಜೊಸಿಯಾನ್ ಬಾಗಿಲಲ್ಲಿ ನಿಂತು, "ಬರುವಾಗ ರೊಟ್ಟಿ ತರ್ಲಾ ನಿಂಗೆ?" ಎಂದಳು. "ಹ್ಞೂ, ಅರ್ಧ ತಾ," ಎಂದು ತಿರುಗಿ ಹೇಳಿದ. ಎರಡು ಉಸಿರಿನ ಹೊತ್ತು.

ಮತ್ತೆ ಕೆಳಗೆ ನೋಡಿದಾಗ ಅಲಗಿನ ಬಾಯಿಯುದ್ದಕ್ಕೂ, ಹೊಟ್ಟೆಯಿಂದ ತುದಿಯವರೆಗೆ, ಹುಲ್ಲಿನ ಹಳದಿ ಓಡಿತು. ಹಳದಿ ಕಂದಾಯಿತು, ಕಂದು ನೇರಳೆಯಾಯಿತು. ನೀರಿಗೆ ಅದ್ದುವಷ್ಟರಲ್ಲಿ ನೀಲಿಯಾಗಿತ್ತು.

ನೀಲಿಯಾಯಿತೆಂದರೆ ಹದ ಹೋಯಿತು. ಹದ ಹೋದ ಉಕ್ಕು ನೋಡಲು ಉಕ್ಕೇ. ಮಸೆದರೆ ಹರಿತವೂ ಆಗುತ್ತದೆ. ಆದರೆ ಆ ಹರಿತ ನಿಲ್ಲುವುದಿಲ್ಲ. ನಾಲ್ಕು ತುಂಡು ರೊಟ್ಟಿ ಕೊಯ್ದರೆ ಬಾಯಿ ಮಗುಚಿಕೊಂಡು ಮೊಂಡಾಗುತ್ತದೆ. ಮೆತ್ತಗಾದ ಭಾಗವನ್ನೆಲ್ಲ ಉಜ್ಜಿ ತೆಗೆದರೆ ಉಳಿಯುವುದು ಹೆಣಿಗೆಯ ಕಡ್ಡಿ, ಅದು ಎಂಥವನ ಕಣ್ಣಿಗೂ ಬೀಳುತ್ತದೆ.

ಎಮರಿಕ್ ಚಕ್ರ ಆರಿಸಿದ. ಕಾರ್ಖಾನೆಯಲ್ಲಿ ಅವನೊಬ್ಬನೇ. ಆಮೇಲೆ ಅವನು ಮಾಡಿದ್ದನ್ನು ಎಷ್ಟು ಸಲ ನೆನೆದರೂ ಅದನ್ನು ಮಾಡಿದ ಕೈ ತನ್ನದೇ ಎಂದು ಒಪ್ಪಿಕೊಳ್ಳುವುದು ಅವನಿಗೆ ಕಷ್ಟವಾಗುತ್ತಿತ್ತು. ನುಣುಪು ಕಾಗದದಿಂದ ನೀಲಿಯನ್ನು ಉಜ್ಜಿ ತೆಗೆದ. ಅಲಗು ಅಲ್ಲಿ ಬೆಳ್ಳಗೆ ಮಿನುಗಿತು. ಊಟದ ಡಬ್ಬಿಯಲ್ಲಿದ್ದ ಅರೆದ ಸಾಸಿವೆಯನ್ನು ವಿನೆಗರ್‌ನಲ್ಲಿ ಕಲಸಿ, ಹುಳಿಗೆ ಉಕ್ಕು ಕಪ್ಪಾಗಲೆಂದು ಬೆರಳಿನಿಂದ ಬಳಿದ, ಕಾದ, ಒರೆಸಿದ, ಮತ್ತೆ ಬಳಿದ. ಮೂರನೆಯ ಸಲಕ್ಕೆ ನಲವತ್ತೆಂಟು ವರ್ಷದ ಬೂದು ಬಣ್ಣ ಮರಳಿ ಬಂದಿತ್ತು. ಇಪ್ಪತ್ತು ವರ್ಷದ ಕಸುಬಿನಲ್ಲಿ ಅಷ್ಟು ಶ್ರದ್ಧೆಯಿಂದ ಅವನು ಇನ್ನೊಂದು ಕೆಲಸ ಮಾಡಿರಲಿಲ್ಲ.

ಜೊಸಿಯಾನ್ ರೊಟ್ಟಿ ತಂದು ಮೇಜಿನ ಮೇಲಿಟ್ಟು ಮೂಗು ಎಳೆದಳು. "ಇದೇನೋ ವಿನೆಗರ್ ವಾಸನೆ?"

"ಹಸಿ ಸೊಪ್ಪು ತಿಂದೆ, ವಿನೆಗರ್ ಹಾಕಿ."

"ನೀನು? ಸೊಪ್ಪು? ಹಸುಗಳಿಗೆ ಹೇಳ್ತೀನಿ ತಾಳು, ಜೊತೆಗೊಬ್ಬ ಬಂದ ಅಂತ."

ಮರುದಿನ ಮಾವ ಬಂದು ಚಾಕು ತೆರೆದ. ಅಲಗನ್ನು ಅಲ್ಲಾಡಿಸಿ ನೋಡಿದ, ಕಿಟಕಿಯ ಬೆಳಕಿಗೆ ಹಿಡಿದ.

"ಮುಕ್ಕು ಎಲ್ಲಿ ಹೋಯ್ತು?"

"ಸ್ವಲ್ಪ... ಇಲ್ಲಿನ ಒರಟು ಕಲ್ಲಿನ ಮೇಲೆ ಎಳೆದೆ ಮಾವ."

"ಕೈಲಾ?"

"ಕೈಲೇ."

ಮಾವ ಬಾಯಿಯನ್ನು ಉಗುರಿನ ಮೇಲೆ ಹಾಯಿಸಿ ತಲೆ ಆಡಿಸಿದ. "ಹೇಳಿದ್ ಮಾತು ಕೇಳಲಿಲ್ಲ ಕತ್ತೆ. ಆದ್ರೂ ಪರವಾಗಿಲ್ಲ, ಚೆನ್ನಾಗಿ ಮಾಡಿದ್ದೀಯ. ಯಾರು ಕಲಿಸಿದ್ದು ಹೇಳು!" ಕಂಕುಳಲ್ಲಿದ್ದ ಕಾಗದದ ಪೊಟ್ಟಣವನ್ನು ಅವನ ಕೈಗೆ ತುರುಕಿ ಹೋದ. ಮನೆಯಲ್ಲಿ ಮಾಡಿದ ಚೀಸು. ಆ ಚೀಸು ಎಮರಿಕ್‌ನ ಫ್ರಿಜ್ಜಿನಲ್ಲಿ ಹಾಗೇ ಕುಳಿತಿತ್ತು. ಬಾಗಿಲು ತೆರೆದಾಗಲೆಲ್ಲ ಅದನ್ನು ಹಾಲಿನ ಹಿಂದಕ್ಕೆ ತಳ್ಳುತ್ತಿದ್ದ.

ಮಾವ ಮತ್ತೆ ಬಂದು, "ಏನೋ ಮಾಡಿದ್ದೀಯ ನೀನು" ಎಂದು ಚಾಕು ಎಸೆದಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು. ಎಮರಿಕ್ ಕಾದದ್ದು ಅದಕ್ಕೇ. ಎರಡನೆಯ ವಾರ ಮಾವ ಬಂದ, ಆದರೆ ಬಯ್ಯಲಿಲ್ಲ.

"ಕಲ್ಲು ಕೆಡುತ್ತೇನೋ? ಎಣ್ಣೆ ಕುಡಿದು ಕುಡಿದು?" ಎಂದು ಕೇಳಿದ. "ಶನಿವಾರ ಮಸೆದೆ, ಸೋಮವಾರಕ್ಕೆ ಟೊಮೇಟೊ ಕೊಯ್ಯಲ್ಲ ಅಂತು."

"ಕಲ್ಲು... ಸೋಡಾ ಹಾಕಿ ತೊಳೆದು ನೋಡಿ ಮಾವ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮಾವ ಕಲ್ಲು ತೊಳೆದ. ಮೂರನೆಯ ವಾರ ಚಾಕುವನ್ನೇ ತಂದು, "ನೀನೊಂದ್ಸಲ ಮಸೆದು ಕೊಡು," ಎಂದ. ಎಮರಿಕ್ ತಲೆ ತಗ್ಗಿಸಿ ಮಸೆದ. ಮೆತ್ತಗಿನ ಉಕ್ಕು ಬೇಗ ಹರಿತವಾಗುತ್ತದೆ; ಹಿಡಿದ ಕಾಗದವನ್ನು ಗಾಳಿ ಸೀಳಿದಂತೆ ಸೀಳಿತು. ಮಾವ ಆ ಸೀಳಿದ ಕಾಗದದ ಎರಡು ತುಂಡನ್ನೂ ಅಂಚಿಗೆ ಅಂಚು ಜೋಡಿಸಿ ನೋಡಿದ.

"ನೀನು ಮಸೆದ್ರೆ ಕೊಯ್ಯುತ್ತೆ," ಎಂದ ಕೊನೆಗೆ.

ಆಗ ಹೇಳಬಹುದಿತ್ತು. ಬಾಯಿ ತೆರೆದ ಕೂಡ. ಜೊಸಿಯಾನ್ ಅರ ನಿಲ್ಲಿಸಿ ಇತ್ತ ನೋಡುತ್ತಿದ್ದಳು. ಅವಳ ಮುಂದೆ ಬೇಡ, ಆಮೇಲೆ ಮನೆಗೇ ಹೋಗಿ ಹೇಳುತ್ತೇನೆ ಎಂದು ಬಾಯಿ ಮುಚ್ಚಿದ. ಹೋಗಲಿಲ್ಲ.

ಐದನೆಯ ವಾರದ ಶುಕ್ರವಾರ ಮಾವ ಹಳೆಯ ಅಂಗಿಯ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಮೇಜಿನ ಮೇಲಿಟ್ಟ. ಬಿಚ್ಚುವ ಮೊದಲೇ ಭಾರದಿಂದ ಎಮರಿಕ್‌ಗೆ ಗೊತ್ತಾಯಿತು. ದೋಣಿಯಂತೆ ಸವೆದ ಆ ಕಲ್ಲು.

"ನೀನೇ ಇಟ್ಕೊ."

"ಯಾಕೆ ಮಾವ?"

"ದಿನಾ ಸಂಜೆ ಕೂರ್ತೀನಿ. ಒಂದ್ ಗಂಟೆ ಎಳೀತೀನಿ. ಬೆಳಿಗ್ಗೆ ನಾಲ್ಕು ತುಂಡು ಕೊಯ್ದ್ರೆ ಮೊಂಡು." ಮಾವ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ, ಸಂತೆಯಲ್ಲಿ ಇನ್ನೊಬ್ಬರ ಸಾಮಾನು ನೋಡುವ ಹಾಗೆ. "ನಮ್ಮಪ್ಪನಿಗೂ ಹೀಗೇ ಆಗಿತ್ತು. ಮೊದಲು ಕೈ ಹೋಯ್ತು, ಆಮೇಲೆ ಹೆಸರುಗಳು ಹೋದ್ವು. ಬ್ರಿಜಿತ್‌ಗೆ ಹೇಳಿಲ್ಲ. ಮಗಳು ಅಂದ್ರೆ ಗೊತ್ತಲ್ಲ, ನಾಳೆನೇ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಾಳೆ. ಭಾನುವಾರ ನೀನು ಬಾ. ಓರಿಯಾನ್‌ಗೆ ಚಾಕು ನಾನು ಕೊಡ್ತೀನಿ, ಮಸೆಯೋದನ್ನ ನೀನು ಕಲಿಸು. ಕೈ ಇಲ್ಲದೋನು ಕಲಿಸಬಾರದು."

ಅವನು ಹೋದ ಮೇಲೆ ಜೊಸಿಯಾನ್ ಕೇಳಿದಳು: "ಏನಾಯ್ತೋ ಆ ಮನುಷ್ಯನಿಗೆ? ಒಂದೇ ತಿಂಗಳಲ್ಲಿ ಹತ್ತು ವರ್ಷ ಮುದುಕ ಆಗಿದ್ದಾರೆ." ಎಮರಿಕ್ ಚಕ್ರ ಹಾಕಿದ, ಕೇಳಿಸದವನಂತೆ.

ಭಾನುವಾರ ದಾರಿಯುದ್ದಕ್ಕೂ ಕಾರಿನಲ್ಲಿ ಮಾತು ಜೋಡಿಸಿಕೊಂಡ. ಮೊದಲು 'ಮಾವ, ನಿಮ್ಮ ಕೈಗೆ ಏನೂ ಆಗಿಲ್ಲ' ಎನ್ನಬೇಕು. ಇಲ್ಲ, ಮೊದಲು 'ನಾನು ತಪ್ಪು ಮಾಡಿದೆ' ಎನ್ನಬೇಕು. ಅಂಗಳದಲ್ಲಿ ಹೇಳೋಣವೆಂದರೆ ಅಲ್ಲಿ ಬ್ರಿಜಿತ್ ಸಾಸೇಜು ಸುಡುತ್ತಿದ್ದಳು. ಕೊಟ್ಟಿಗೆಯಲ್ಲಿ ಹೇಳೋಣವೆಂದರೆ ಮಾವ ಬೆಟ್ಟದಿಂದ ಇಳಿದ ಹಸುಗಳನ್ನು ಒಂದೊಂದಾಗಿ ತೋರಿಸುತ್ತಾ ಹೆಸರು ಹೇಳುತ್ತಿದ್ದ. ಒಂದೂ ತಪ್ಪದೆ ಹೇಳಿ ಮುಗಿಸಿ, ಸರಿಯಾಯಿತೇ ಎನ್ನುವಂತೆ ಎಮರಿಕ್‌ನ ಮುಖ ನೋಡಿದ. ಎಮರಿಕ್ ಹತ್ತಿರದ ಹಸುವಿನ ಬೆನ್ನು ತಟ್ಟುತ್ತಾ ಮುಖ ತಿರುಗಿಸಿದ.

ಮೇಜಿನ ಸುತ್ತ ನಾಲ್ವರು. ಬ್ರಿಜಿತ್ ಚೀಸು ಬೆರೆಸಿ ಕುಟ್ಟಿದ ಆಲೂಗಡ್ಡೆಯನ್ನು ಸೌಟಿನಿಂದ ಹಗ್ಗದಂತೆ ಮೇಲಕ್ಕೆಳೆದು ತಟ್ಟೆಗೆ ಬಡಿಸುತ್ತಿದ್ದಳು. ಹದಿನೈದರ ಓರಿಯಾನ್ ತಾಳ್ಮೆಗೆಟ್ಟು ಕಾಲು ಕುಣಿಸುತ್ತಿದ್ದಳು.

"ತಾತ, ಈಗ್ಲೇ ಕೊಡ್ತೀಯೋ, ಊಟ ಆದ್ಮೇಲೋ?"

"ಕೈಬೋಣಿ ಎಲ್ಲೇ?"

ಓರಿಯಾನ್ ಒಂದು ಸಣ್ಣ ನಾಣ್ಯವನ್ನು ಮುದುಕನ ಅಂಗೈಗೆ ಒತ್ತಿದಳು. ಚಾಕುವನ್ನು ಬರಿದೇ ಕೊಟ್ಟರೆ ನಂಟು ಕಡಿದುಹೋಗುತ್ತದೆಂದು ಅಲ್ಲಿ ಯಾರೂ ಹಾಗೆ ಕೊಡುವುದಿಲ್ಲ. ಮುದುಕ ನಾಣ್ಯವನ್ನು ಜೇಬಿಗಿಳಿಸಿ ಚಾಕುವನ್ನು ಅವಳ ಮುಂದಿಟ್ಟ. "ರೊಟ್ಟಿ ನೀನೇ ಕೊಯ್ಯಿ. ಇವತ್ತಿಂದ ನಿನ್ನ ಕೆಲಸ."

ದೊಡ್ಡ ರೈ ರೊಟ್ಟಿಯನ್ನು ಎದೆಗೊತ್ತಿಕೊಂಡು ಓರಿಯಾನ್ ಅಲಗು ಹಚ್ಚಿದಳು. ಗಟ್ಟಿ ಸಿಪ್ಪೆಯ ಮೇಲೆ ಅಲಗು ಜಾರಿತು. ಮತ್ತೆ ಹಚ್ಚಿದಳು. ಸಿಪ್ಪೆ ಹರಿಯಲಿಲ್ಲ, ಒಳಕ್ಕೆ ಕುಸಿಯಿತು. ಅವಳು ನಕ್ಕಳು: "ಏನ್ ತಾತ, ಬೆಣ್ಣೆ ಸವರೋ ಚಾಕು ಕೊಟ್ಟಿದ್ದೀಯಾ ನಂಗೆ?"

ಬ್ರಿಜಿತ್ ಗದರಿದಳು. ಮುದುಕನ ಮುಖ ಕೆಂಪಾಯಿತು. ಎಮರಿಕ್ ಆ ಮುಖವನ್ನು ಎಂದೂ ಹಾಗೆ ಕಂಡಿರಲಿಲ್ಲ. ಎಂಬತ್ತರ ಹತ್ತಿರದ ಮನುಷ್ಯ, ಶಾಲೆಯಲ್ಲಿ ಉತ್ತರ ಬಾರದ ಹುಡುಗನಂತೆ, ತಟ್ಟೆಯನ್ನು ನೋಡುತ್ತಿದ್ದ.

"ಚಾಕುದಲ್ಲ ತಪ್ಪು ಕಂದ," ಎಂದ ಮೆಲ್ಲಗೆ. "ನಿನ್ನೆ ಸಂಜೆನೂ ಮಸೆದೆ, ಬೇರೆ ಕಲ್ಲಿನ ಮೇಲೆ. ಬೆಳಿಗ್ಗೆ ಒಂದಿಷ್ಟು ರೊಟ್ಟಿ ಕೊಯ್ದೆ, ಅಷ್ಟೇ. ನನ್ನ ಕೈ... ನನ್ನ ಕೈ ಈಗ ಮೊದಲಿನ ಹಾಗಿಲ್ಲ."

"ಅಲ್ಲ," ಎಂದ ಎಮರಿಕ್.

ಕಾರಿನಲ್ಲಿ ಜೋಡಿಸಿದ ಒಂದು ಮಾತೂ ಬರಲಿಲ್ಲ.

"ಅಲ್ಲ ಮಾವ. ನಾನು ಸುಟ್ಟೆ. ಚಕ್ರಕ್ಕೆ ಹಿಡಿದಿದ್ದೆ. ಕಲ್ಲಲ್ಲ, ಚಕ್ರ. ಹೆಬ್ಬೆರಳಿಗೆ ಪಟ್ಟಿ ಇತ್ತು, ಬಿಸಿ ಗೊತ್ತಾಗ್ಲಿಲ್ಲ. ನೀಲಿ ಆಯ್ತು. ಆಮೇಲೆ ಸಾಸಿವೆ ಬಳಿದು ಬಣ್ಣ ಹಾಕಿದೆ."

ಬ್ರಿಜಿತ್‌ನ ಸೌಟು ಅರ್ಧದಲ್ಲೇ ನಿಂತಿತು. ಆಲೂಗಡ್ಡೆ ಎಳೆಎಳೆಯಾಗಿ ಪಾತ್ರೆಗೆ ಇಳಿಯುತ್ತಿತ್ತು.

"ಸಾಸಿವೆ," ಎಂದ ಮಾವ.

"ಹ್ಞೂ."

"ಯಾವತ್ತು?"

"ನೀವು ಕೊಟ್ಟ ದಿನಾನೇ. ಸೆಪ್ಟೆಂಬರ್ ಒಂಬತ್ತು."

ಮಾವ ಲೆಕ್ಕ ಹಾಕುವವನಂತೆ ಕಿಟಕಿಯ ಕಡೆ ನೋಡಿದ. ಕಿಟಕಿಯ ಕೆಳಗಿನ ಕುರ್ಚಿ ಖಾಲಿ ಇತ್ತು.

"ಅಂದ್ರೆ ಕಲ್ಲು ತೊಳಿ ಅಂದಾಗ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಕಾಗದ ಸೀಳಿ ತೋರಿಸಿದಾಗ?"

"ಗೊತ್ತಿತ್ತು ಮಾವ."

"ಮೊನ್ನೆ ಶುಕ್ರವಾರ ನಮ್ಮಪ್ಪನ ವಿಷಯ ಹೇಳ್ದೆ ನಿನ್ ಹತ್ರ."

ಎಮರಿಕ್ ತನ್ನ ತಟ್ಟೆಯನ್ನು ದೂರ ಸರಿಸಿದ.

"ಉಕ್ಕು ಸುಡುತ್ತೆ. ಯಾರ ಕೈಲಾದ್ರೂ ಸುಡುತ್ತೆ," ಎಂದ ಮಾವ. ದನಿ ಏರಿರಲಿಲ್ಲ. "ಐದು ವಾರ ನನ್ನ ಕೈನ ನನ್ನಿಂದ ಕಿತ್ಕೊಂಡು ನಿನ್ ಜೇಬಲ್ಲಿ ಇಟ್ಕೊಂಡಿದ್ದೆಯಲ್ಲೋ."

ಅವನು ಮೇಜಿನಾಚೆ ಕೈ ಚಾಚಿ ಓರಿಯಾನ್‌ಳ ಕೈಯಿಂದ ಚಾಕು ತೆಗೆದುಕೊಂಡ. ಅದನ್ನು ರೊಟ್ಟಿಯಿಂದ ಒರೆಸಲಿಲ್ಲ. ಹೆಬ್ಬೆರಳು ಅಡ್ಡ ಕೊಡಲಿಲ್ಲ. ಅಲಗನ್ನು ಹಾಗೇ ಬಿಟ್ಟ. ಟಪ್ಪೆಂಬ ಸದ್ದಿಗೆ ಎಮರಿಕ್ ಹೊಡೆತ ಬಿದ್ದವನಂತೆ ಭುಜ ಕುಗ್ಗಿಸಿದ. ಆ ಮೇಜಿನಲ್ಲಿ ಆ ಸದ್ದನ್ನು ಯಾರೂ ಕೇಳಿರಲಿಲ್ಲ.

ಊಟದ ಕೊನೆಗೆ ತಿನ್ನುವ ಚೀಸು ಇನ್ನೂ ಮೇಜಿಗೆ ಬಂದಿರಲಿಲ್ಲ, ತಟ್ಟೆಗಳು ತುಂಬಿದ್ದವು. ಆದರೂ ಚಾಕು ಮಡಚಿತ್ತು. ಓರಿಯಾನ್ ಎದ್ದಳು, ಬ್ರಿಜಿತ್ ಸೌಟು ಇಟ್ಟಳು. ಎಮರಿಕ್ ಎದ್ದು ಕೋಟು ತೆಗೆದುಕೊಂಡು ಹೊರಟ. ಬಾಗಿಲವರೆಗೆ ಯಾರೂ ಬರಲಿಲ್ಲ. ಮನೆ ಸೇರಿದ ಮೇಲೆ ಫ್ರಿಜ್ಜು ತೆರೆದು ಹಾಲಿನ ಹಿಂದಿದ್ದ ಪೊಟ್ಟಣವನ್ನು ಹೊರಗೆ ತೆಗೆದ. ಮೇಲೆಲ್ಲ ಹಸಿರು ಬೂಷ್ಟು. ಅದನ್ನು ಎಸೆಯುವುದೋ ತಿನ್ನುವುದೋ ತೋಚದೆ ಮೇಜಿನ ಮೇಲೆಯೇ ಬಿಟ್ಟ.

ಮಂಗಳವಾರ ಬೆಳಿಗ್ಗೆ ಮಾವ ಕಾರ್ಖಾನೆಗೆ ಬಂದ. ಟೋಪಿ ತೆಗೆಯಲಿಲ್ಲ.

"ನನ್ನ ಕಲ್ಲು."

ಎಮರಿಕ್ ಬಟ್ಟೆ ಬಿಚ್ಚಿ ಕಲ್ಲನ್ನು ಮುಂದಿಟ್ಟ.

"ನಿನ್ನ ಚಾಕು ಕೊಡು."

ಎಮರಿಕ್‌ನದು ಅವನೇ ಮಾಡಿಕೊಂಡದ್ದು, ಸ್ಟೇನ್‌ಲೆಸ್ ಅಲಗು. ಈ ಉಕ್ಕು ಕಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಮಾವ ಅದನ್ನು ತೆರೆದು ಮೂಗು ಮುರಿದ. ನೀರಿನ ಬಟ್ಟಲನ್ನು ಹತ್ತಿರ ಎಳೆದು, ಅದರ ಅಂಚಿನ ಮೇಲೆ ಅಲಗಿನ ಬಾಯಿಯನ್ನು ಕರಕರನೆ ಮೂರು ಸಲ ಎಳೆದ. ಜೊಸಿಯಾನ್ "ಅಯ್ಯಯ್ಯೋ!" ಎಂದು ಕೂಗಿದಳು.

"ಮೊದ್ಲೇ ಹರಿತ ಇತ್ತು ಅಂತ ಆಮೇಲೆ ಯಾರೂ ಹೇಳ್ಬಾರ್ದು," ಎಂದ ಮಾವ. "ನೀನು ನೋಡ್ತಾ ಇರು ಜೊಸಿಯಾನ್, ಸಾಕ್ಷಿ ನೀನೇ."

ನಿಂತುಕೊಂಡೇ ಮಸೆಯತೊಡಗಿದ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಮೊದಮೊದಲು ಕೈ ಅನುಮಾನಿಸುತ್ತಿತ್ತು. ಎಮರಿಕ್‌ಗೆ ಅದು ಕಾಣಿಸಿತು, ಕಾಣಿಸಿದ್ದಕ್ಕೆ ತನ್ನ ಕಣ್ಣುಗಳ ಮೇಲೇ ನಾಚಿಕೆಯಾಯಿತು. ಐದು ವಾರದ ಅನುಮಾನ ಅದು. ಆಮೇಲೆ ಸದ್ದು ಬದಲಾಯಿತು. ಒರಟು ಹೋಗಿ, ಒಣ ಎಲೆಯ ಮೇಲೆ ರೇಷ್ಮೆ ಎಳೆದಂಥ ಸದ್ದು. ಕೈ ಹಗುರವಾಯಿತು, ಮತ್ತೂ ಹಗುರವಾಯಿತು.

"ತೋಳು ಚಾಚು."

ಎಮರಿಕ್ ಅಂಗಿಯ ತೋಳನ್ನು ಮೇಲಕ್ಕೆ ಮಡಚಿ ಕೈ ಚಾಚಿದ. ಮಾವ ಅಲಗನ್ನು ಚರ್ಮಕ್ಕೆ ಒರಗಿಸಿ ಒಂದೇ ಸಲ ತಳ್ಳಿದ. ಎರಡು ಬೆರಳಗಲ ಜಾಗದ ಕೂದಲು ಪುಡಿಯಂತೆ ಉದುರಿ ಮೇಜಿನ ಮೇಲೆ ಬಿತ್ತು. ಗೀರು ಕೂಡ ಇಲ್ಲ.

ಮಾವ ಆ ಬೋಳು ಜಾಗವನ್ನು ನೋಡಿದ. ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಗಟ್ಟಿಯಾಗಿ ಉಸಿರು ಬಿಟ್ಟ.

"ಕೈ ಇದೆ," ಎಂದ.

"ಇದೆ ಬೂಲೋಕ್ನೋರೇ," ಎಂದಳು ಜೊಸಿಯಾನ್. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಎಮರಿಕ್ ಹೇಳಿದ: "ಮಾವ, ಹೊಸ ಅಲಗು ಹಾಕಿಕೊಡ್ತೀನಿ. ಹಳೇ ಉಕ್ಕೇ, ನಾನೇ ಹುಡುಕಿ ತರ್ತೀನಿ."

"ಬೇಡ. ಅದು ಈಗ ಓರಿಯಾನ್‌ದು. ಬದಲಾಯಿಸಲ್ಲ ಅಂತಾಳೆ." ಮಾವ ಕಲ್ಲನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. "ನೀಲಿ ಎಷ್ಟು ಒಳಕ್ಕೆ ಹೋಗಿತ್ತು? ನಿಜ ಹೇಳು."

"ಮೂರು ಮಿಲಿಮೀಟರ್."

"ಅವಳು ದಿನಾ ಮಸೀಬೇಕು, ಬೇರೆ ದಾರಿ ಇಲ್ಲ. ದಿನಾ ಮಸೆದ್ರೆ ಹತ್ತೋ ಹನ್ನೆರಡೋ ವರ್ಷಕ್ಕೆ ಮೆತ್ತಗಿರೋದೆಲ್ಲ ಸವೆದು ಗಟ್ಟಿ ಉಕ್ಕು ಸಿಗುತ್ತೆ. ಹೆಣಿಗೆ ಕಡ್ಡಿಯಷ್ಟಾದ್ರೂ ಸಿಗುತ್ತೆ. ಆಗ ನಾನಿರಲ್ಲ. ಇವತ್ತಿಂದ ಇದು ಸರಿ ಹೋಯ್ತು ಅಂತ ಅವಳಿಗೆ ಹೇಳೋಕೆ ನೀನಿರ್ಬೇಕು."

"ಹೇಳ್ತೀನಿ ಮಾವ."

"ಸರಿಯಾದ್ ದಿನವೇ ಹೇಳ್ಬೇಕು. ಐದು ವಾರ ಬಿಟ್ಟಲ್ಲ."

ಬಾಗಿಲು ದಾಟುವಾಗಲೂ ಭಾನುವಾರ ಬಾ ಎನ್ನಲಿಲ್ಲ. ಎಮರಿಕ್‌ನ ಚಾಕು ಮೇಜಿನ ಮೇಲೆ ತೆರೆದೇ ಇತ್ತು. ಅವನು ಅದನ್ನು ಒರೆಸಿ, ಹೆಬ್ಬೆರಳು ಅಡ್ಡ ಹಿಡಿದು, ಸದ್ದಾಗದಂತೆ ಮಡಚಿದ.

ಜೊಸಿಯಾನ್ ಮೇಜಿನ ಮೇಲಿನ ಕೊಂಬಿನ ಪುಡಿಯನ್ನು ಊದಿದಳು. ಆಮೇಲೆ ಕೇಳಿದಳು: "ಅವತ್ತು ಸೊಪ್ಪು ತಿಂದಿರ್ಲಿಲ್ಲ ಅಲ್ವಾ?"

"ಇಲ್ಲ."

ಅವಳು ಅರ ಕೈಗೆತ್ತಿಕೊಂಡಳು. ಎಮರಿಕ್ ಅಂಗಿಯ ತೋಳನ್ನು ಕೆಳಗಿಳಿಸಲು ಹೋದವನು ಅರ್ಧಕ್ಕೆ ನಿಲ್ಲಿಸಿದ. ಹೆಬ್ಬೆರಳ ಗಾಯ ಎಂದೋ ಮಾಗಿತ್ತು, ಆದರೂ ಅಭ್ಯಾಸಕ್ಕೆ ಇನ್ನೂ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಅದನ್ನು ಬಿಚ್ಚಿ ಎಸೆದ, ಬಟ್ಟಲಿಗೆ ಹೊಸ ನೀರು ತುಂಬಿಸಿ ಚಕ್ರದ ಎಡಗಡೆ ಇಟ್ಟ. ಸಂಜೆಯವರೆಗೆ ಕಾರ್ಖಾನೆಗೆ ಬಂದವರೆಲ್ಲರಿಗೂ ಕಾಣುವಂತೆ ತೋಳು ಮಡಚಿಯೇ ಇತ್ತು. ಮೂವರು ಆ ಬೋಳು ಜಾಗ ಏನೆಂದು ಕೇಳಿದರು. ಮೂವರಿಗೂ ನಡೆದದ್ದನ್ನು ಹೇಳಿದ. ಮೂರನೆಯ ಸಲವೂ ಮೊದಲಿನಷ್ಟೇ ಕಷ್ಟವಾಯಿತು.